ಫ್ಲಾಸ್ಕಿನ ಬಿರಡೆಯ ತೂತು

ನಮ್ಮ ಮನೆಯ ಫ್ಲಾಸ್ಕಿನ ಬಿರಡೆಯಲ್ಲಿ ಸೂಜಿಮೊನೆಯಷ್ಟು ತೂತೊಂದಿದೆ. ನನ್ನ ಎರಡನೆಯ ಕಾಫಿ ಆರುವುದು ಅದರಿಂದಲೇ ಎಂಬುದು ಹೆಂಡತಿಯ ವಾದ. ಕೊರೆದ ಮಹಾಶಯ ನಾನೇ ಆದ್ದರಿಂದ ಪ್ರತಿವಾದಕ್ಕೆ ಆಸ್ಪದವಿಲ್ಲ.

ವಿಜ್ಞಾನದ ಮೇಷ್ಟರಾಗಿ ನಿವೃತ್ತನಾದ ಮೇಲೂ ನಾನು ಪ್ರತಿ ಶನಿವಾರ ಶಾಲೆಗೆ ಹೋಗಿ, ನನ್ನ ಹಳೆಯ ಶಿಷ್ಯೆಯೂ ಈಗ ನನ್ನ ಕುರ್ಚಿಯ ಒಡತಿಯೂ ಆದ ಕೊಳಾಲದ ಗಿರಿಜೆಯ ಪಾಠವನ್ನು ಮಕ್ಕಳೆದುರೇ ತಿದ್ದುತ್ತಿದ್ದೆ. ಪಾಪ, ಎಷ್ಟು ದಿನ ಸಹಿಸಿಯಾಳು? ವಿಮಾನದ ಏರಿಳಿತದ ವೇಗ ಅಳೆಯುವ ಬಗೆಯನ್ನು ಮಧುಗಿರಿ ಬೆಟ್ಟದ ಮೇಲೆ ಮಕ್ಕಳಿಗೆ ನೀವೇ ತೋರಿಸಿ ಎಂದಳು. ಗೆದ್ದರೆ ನನ್ನ ಶನಿವಾರಗಳು ಉಳಿಯುತ್ತವೆ, ಸೋತರೆ ಶಾಲೆಯ ಗೇಟಿಗೊಂದು ದೊಡ್ಡ ನಮಸ್ಕಾರ ಎಂದು ನನಗೆ ಖಾತ್ರಿಯಾಯಿತು.

ತತ್ತ್ವ ಸರಳ, ಕೇಳಿ. ಮೇಲೇರಿದಂತೆ ಹೊರಗಿನ ಗಾಳಿ ತೆಳುವಾಗುತ್ತದೆ. ಉಪಕರಣದ ಡಬ್ಬಿಯೊಳಗಿನ ಗಾಳಿ ಸಣ್ಣ ರಂಧ್ರದಿಂದ ನಿಧಾನವಾಗಿ ಸೋರುತ್ತ ಹಿಂದೆ ಬೀಳುತ್ತದೆ. ಈ ಒಳಹೊರಗಿನ ಅಂತರವೇ ವೇಗದ ಅಳತೆ. ವಿಮಾನ ಒಂದೇ ಎತ್ತರದಲ್ಲಿ ನಿಂತರೆ ಎರಡೂ ಸಮವಾಗಿ ಮುಳ್ಳು ಸೊನ್ನೆಗೆ ಬರುತ್ತದೆ. ನನ್ನ ಡಬ್ಬಿ ಫ್ಲಾಸ್ಕು, ರಂಧ್ರ ಅದರ ಬಿರಡೆಯಲ್ಲಿ ನಾನು ಕೊರೆದ ತೂತು, ಮುಳ್ಳು ಬಾಗಿದ ಕೊಳವೆಯೊಳಗಿನ ಕುಂಕುಮದ ನೀರು. ಬಿರಡೆಗೆ ಕೊಳವೆ ಕೂರಿಸಲು ಶಿರಾ ರಸ್ತೆಯ ಪಂಚರ್ ಅಂಗಡಿಯ ಬಾಷಾ ಸಾಬರಿಗೆ ಕೊಟ್ಟೆ. ಅವರು ರೂಢಿಯಂತೆ ಅದನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ನೋಡಿದರು.

“ಒಂದ್ಕಡೆ ಸೋರ್ತಿತ್ತು ಸಾ, ಮುಚ್ಬುಟ್ಟೆ,” ಎಂದರು.

ಅವರಿಗೆ ವೈಮಾನಿಕ ಶಾಸ್ತ್ರ ಬೋಧಿಸುವ ಭರದಲ್ಲಿದ್ದ ನನ್ನ ಕಿವಿಗೆ ಅದು ಬಿತ್ತೇ ಹೊರತು ತಲೆಗೆ ಹೋಗಲಿಲ್ಲ.

ಬೆಟ್ಟದ ಕೋಟೆಯ ಮೊದಲ ಬಾಗಿಲ ಬಳಿ ಕೂತು, ನೀರು ಈಗ ಸೊನ್ನೆಗಿಳಿಯುತ್ತದೆ ನೋಡಿ ಎಂದೆ. ಇಳಿಯಲಿಲ್ಲ. ಏದುಸಿರು ಬಿಡುತ್ತ ಕೂತಿದ್ದರೂ ನಾವು ಏರುತ್ತಲೇ ಇದ್ದೇವೆಂದು ಅದು ಸಾಧಿಸುತ್ತಿತ್ತು. ಹಟಕ್ಕೆ ಬಿದ್ದು ಇನ್ನಷ್ಟು ಮೆಟ್ಟಿಲು ಹತ್ತಿದೆ. ಕುಂಕುಮದ ನೀರು ಚಿಮ್ಮಿ ನನ್ನ ಮುಖಕ್ಕೂ ಬಿಳಿ ಅಂಗಿಗೂ ಓಕುಳಿಯಾಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೆ ಬೆಟ್ಟವೇ ಬಾಯಿ ಬಿಡಬಾರದೇ ಎನಿಸಿತು.

ಗಿರಿಜೆ ನಗಲಿಲ್ಲ. ಬಿರಡೆಯನ್ನು ತಿರುಗಿಸಿ ನೋಡಿ, ಹೇರ್‌ಪಿನ್ನಿನಿಂದ ಸಾಬರ ತೇಪೆಯನ್ನು ಎಬ್ಬಿಸಿದಳು. ಉಳಿದ ನೀರು ಸಮವಾಗಿ ನಿಂತಿತು.

“ಕೆಳಗಿನ ಗಾಳೀನ ಹಿಡ್ಕೊಂಡೇ ಮೇಲಕ್ಕೆ ಬಂದೈತೆ ಸಾ ಇದು,” ಎಂದಳು ಮೆಲ್ಲಗೆ. “ಬುಟ್ರೆ ಸರಿಹೋಯ್ತದೆ.”

ಅವಳು ಹೇಳಿದ್ದು ಫ್ಲಾಸ್ಕಿಗೆ. ಮುಖ ಕೆಂಪಾದದ್ದು ನನ್ನದು, ಅದೂ ಕುಂಕುಮವಿಲ್ಲದ ಕಡೆ.

ಸೋತರೂ ಮುಂದಿನ ಶನಿವಾರ ಹೋದೆ, ತಿದ್ದಲಿಕ್ಕಲ್ಲ. ಕೊನೆಯ ಬೆಂಚಿನಲ್ಲಿ ಕೂತು ಅವಳ ಪಾಠ ಕೇಳಿದೆ. ತಪ್ಪೊಂದು ಕಂಡಿತು, ನುಂಗಿಕೊಂಡೆ. ಮನೆಗೆ ಬಂದು ಪುಸ್ತಕ ತೆಗೆದರೆ ತಪ್ಪು ನನ್ನದೇ ಆಗಿತ್ತು.

ಕೊಳವೆ ಕಿತ್ತ ಕಡೆ ಮೇಣ ಮೆತ್ತಿದ್ದೇನೆ; ಸಣ್ಣ ತೂತು ಹಾಗೇ ಇದೆ. ಶನಿವಾರ ಆ ಫ್ಲಾಸ್ಕಿನಲ್ಲೇ ಕಾಫಿ ಒಯ್ಯುತ್ತೇನೆ. ಬಾಷಾ ಸಾಬರ ಅಂಗಡಿ ದಾಟುವಾಗ ಮಾತ್ರ ಅದನ್ನು ಚೀಲದೊಳಗೆ ಅಡಗಿಸಿಕೊಳ್ಳುತ್ತೇನೆ.