ಕಾಕಾನ ಬೂಚಿನ ಪಟ್ಟಾ

ಅಜಿವಾನದ, ಎಂದರೆ ಓಮಿನ, ಅರ್ಕ ಹೀರಿದ ಬೂಚಿನ ವಾಸನೆಯನ್ನು ಈಗಿನವರಿಗೆ ಹೇಗೆ ಹೇಳಲಿ! ಮೊನ್ನೆ ಗೋಕಾಕದ ಹಳೆಯ ಅಂಗಡಿಯೊಂದರಲ್ಲಿ ಅಂಥದೊಂದು ಬಾಟಲಿಯ ಬಾಯಿ ತೆರೆದರು. ಔಷಧ ಯಾರಿಗೆ ಬೇಕಿತ್ತು? ಆ ಮೆತ್ತನೆಯ ಕಂದು ಬಿರಡೆಯನ್ನು, ನಮ್ಮ ಕಡೆಯವರು ಬೂಚು ಎನ್ನುವುದನ್ನು, ಮೂಗಿಗೆ ಹಿಡಿದು ನಿಂತುಬಿಟ್ಟೆ. ಅಂಗಡಿಯವನು ಈ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ನನ್ನ ಕಣ್ಣ ಮುಂದೆ ಮೂಡಲಗಿಯ ನಮ್ಮ ಮನೆ ಬಂದಿತ್ತು. ಮನೆಗಿಂತ ಮೊದಲು ನಮ್ಮ ಕಾಕಾ.

ಕಾಕಾ ಎಂದರೆ ಅಪ್ಪನ ತಮ್ಮ. ಮೊದಲನೆಯ ಮಹಾಯುದ್ಧಕ್ಕೆಂದು ಹಡಗು ಹತ್ತಿ ಬಸರಾಕ್ಕೆ ಹೋಗಿ ಬಂದವನು. ಬರುವಾಗ ತಂದದ್ದು ಪದಕವಲ್ಲ, ಹಡಗು ಮುಳುಗಿದರೆ ಎದೆಗೆ ಕಟ್ಟಿಕೊಂಡು ತೇಲುವ ಒಂದು ಪಟ್ಟಾ: ದಪ್ಪ ಕ್ಯಾನ್‌ವಾಸಿನೊಳಗೆ ಅಂಗೈ ಅಗಲದ ಎಂಟು ಬೂಚಿನ ತುಂಡು. ಅದು ಅವನಿಗೆ ಹೇಗೆ ದಕ್ಕಿತೆಂಬ ಕಥೆಯನ್ನು ಎರಡು ಸಲ ಒಂದೇ ರೀತಿ ಹೇಳಿದ್ದಿಲ್ಲ. ನಾನು ಈಜು ಕಲಿತದ್ದು ಆ ಪಟ್ಟಾದಿಂದ. ಅಪ್ಪನ ತಾಯಿ, ನಮ್ಮ ಆಯಿ, ತನ್ನ ಹಿರಿಮಗಳು ನೀಲವ್ವನನ್ನು ಘಟಪ್ರಭಾ ಹೊಳೆಯಲ್ಲಿ ಕಳೆದುಕೊಂಡವಳು. ಹತ್ತು ವರ್ಷದ ಹುಡುಗಿ, ಆಗಿನ ನನ್ನದೇ ವಯಸ್ಸು. ಅಂದಿನಿಂದ ಮನೆಯ ಹೆಣ್ಣುಮಕ್ಕಳು ಮೊಣಕಾಲುದ್ದ ನೀರಿಗೂ ಇಳಿಯುವಂತಿರಲಿಲ್ಲ. ಹೊಲದ ಬಾವಿಗೆ ಅಣ್ಣಂದಿರು ಧುಮುಕುವುದನ್ನು ಕಂಡು ನನಗೆ ಹೊಟ್ಟೆ ಉರಿಯುತ್ತಿತ್ತು. ನನ್ನ ಅಳು ನೋಡಲಾರದೆ ಕಾಕಾ ಒಂದು ದಿನ ಪಟ್ಟಾವನ್ನು ಆಯಿಯ ಮುಂದಿಟ್ಟ.

"ಇದನ್ನ ಕಟ್ಟಿದ್ರ ಆನಿನೂ ಮುಳಗೂದಿಲ್ಲ, ಯವ್ವಾ!"

ಆಯಿ ಎಂಟೂ ತುಂಡುಗಳನ್ನು ಒಂದೊಂದಾಗಿ ಹಿಚುಕಿ ನೋಡಿದಳು. "ಇದು ಮೈಮ್ಯಾಲ ಇದ್ರ ಅಷ್ಟ. ಇಲ್ಲಂದ್ರ ಬಾವಿ ಹೆಸರ ತಗೀಬ್ಯಾಡ," ಎಂದಳು.

ಬೇವಿನ ಹೂ ಉದುರಿದ ಆ ತಣ್ಣನೆಯ ಹಸಿರು ನೀರಿನಲ್ಲಿ ಮೊದಲ ಸಲ ತೇಲಿದಾಗ ಆದ ಸುಖ ಮತ್ತೆ ಯಾವುದರಲ್ಲೂ ಸಿಗಲಿಲ್ಲ. ಆದರೆ ನಮ್ಮ ಕಾಕಾ ಇಲ್ಲ ಎನ್ನಲು ಬಾರದ ಮನುಷ್ಯ. ಆಗ ದವಾಖಾನೆಗೆ ಬಾಟಲಿ, ಬೂಚು ಎರಡನ್ನೂ ಮನೆಯಿಂದಲೇ ಒಯ್ಯಬೇಕಿತ್ತು. ಓಣಿಯಲ್ಲಿ ಯಾರಿಗೋ ಜ್ವರ ಬಂತು, ಪಟ್ಟಾದಿಂದ ಒಂದು ತುಂಡು ಹೋಯಿತು. ಹುಕ್ಕೇರಿಯ ಬೀಗರ ಚಿಮಣಿ ಎಣ್ಣೆಯ ಬಾಟಲಿಗಳಿಗೆ ಇನ್ನೊಂದು. ಊರಿನ ಸಣ್ಣಾಟದಲ್ಲಿ ರಾಜನ ವೇಷಕ್ಕೆ ಮೀಸೆ ಬರೆಯಲು ಸುಟ್ಟ ಬೂಚಿನ ಮಸಿಯೇ ಆಗಬೇಕಂತೆ, ಅದಕ್ಕೊಂದು. ಆಯಿಯ ಕೈಗೆ ಗೊತ್ತಾಗದಿರಲೆಂದು ಖಾಲಿ ಜಾಗಕ್ಕೆ ಹಳೆಯ ಅರಿವೆ ಬಿಗಿಯಾಗಿ ಸುತ್ತಿ ತುರುಕಿ ಹೊಲಿಯುತ್ತಿದ್ದ. ಆರನೆಯ ತುಂಡು ತೆಗೆಯುವಾಗ ನನ್ನ ಕೈಗೆ ಸಿಕ್ಕಿಬಿದ್ದ.

"ನೀ ಈಗ ಮೀನಿನಂಗ ಈಸ್ತಿ. ಬಾಯಿ ಬಿಡಬ್ಯಾಡ ನನ್ನವ್ವಾ," ಎಂದು ಗೋಗರೆದ.

ನಾನೇಕೆ ಬಾಯಿ ಬಿಡಲಿ? ಬಿಟ್ಟರೆ ನನ್ನ ಈಜು ಅಲ್ಲಿಗೆ ಮುಗಿಯುತ್ತಿತ್ತು. ಆಯಿ ಪ್ರತಿ ಸಲ ಎಂಟನ್ನೂ ಹಿಚುಕಿ ನೋಡುವಳು, ನಾವಿಬ್ಬರೂ ಮುಗಿಲು ನೋಡುತ್ತ ನಿಲ್ಲುವೆವು.

ಕೊನೆಗೆ ಎಂಟೂ ಅರಿವೆಯೇ ಆದವು. ಒಂದು ಮಧ್ಯಾಹ್ನ, ಆಯಿ ಬಾವಿಯ ದಂಡೆಯಲ್ಲಿ ಕುಳಿತಿದ್ದಾಗ, ನೀರು ಕುಡಿದ ಪಟ್ಟಾ ನನ್ನನ್ನು ಕೆಳಗೆ ಜಗ್ಗತೊಡಗಿತು. ಮುಳುಗಿ ಗಂಟು ಬಿಚ್ಚಿದೆ. ಅದು ಕಲ್ಲಿನಂತೆ ತಳಕ್ಕೆ ಹೋಯಿತು. ಆಯಿಗೆ ಕಂಡದ್ದು ಅಷ್ಟೇ. ನಾನು ತಲೆ ಎತ್ತುವಷ್ಟರಲ್ಲಿ ಅವಳು ಮೆಟ್ಟಿಲಿಳಿದು, ಎದೆಮಟ್ಟದ ನೀರಿನಲ್ಲಿ ಕೈಚಾಚಿ ನಿಂತು "ನೀಲವ್ವಾ!" ಎಂದು ಚೀರುತ್ತಿದ್ದಳು. ಈಜಿ ಹೋಗಿ ಅವಳ ಕೈ ಹಿಡಿದೆ. ಮೊದಲು ಬೆನ್ನಿಗೊಂದು ಗುದ್ದಿದಳು, ಆಮೇಲೆ ಅಪ್ಪಿಕೊಂಡಳು. ಕಾಕಾ ಓಡಿಬಂದು ಎಲ್ಲವನ್ನೂ ಒಪ್ಪಿಕೊಂಡ.

"ಹಂಗಾರ ಇಷ್ಟ ದಿನಾ ಇಕಿನ್ನ ತೇಲಿಸಿದ್ದು ಏನೋ?"

"ಏನೂ ಇಲ್ಲ ಯವ್ವಾ. ಇಕಿ ತಾನ ಈಸ್ಯಾಳ."

ಆಯಿ ನನ್ನ ಕೈ ಬಿಟ್ಟಳು. "ಇನ್ನೊಂದ್ ಸುತ್ತ ಹಾಕು. ನಾ ನೋಡ್ತೇನಿ," ಎಂದಳು.

ಈಗ ಆಯಿ ಇಲ್ಲ, ಕಾಕಾ ಇಲ್ಲ. ಬಾವಿಯನ್ನು ಮುಚ್ಚಿ ಮೇಲೆ ಕಬ್ಬು ಹಚ್ಚಿದ್ದಾರೆ. ಅಲ್ಲಿಗೆ ಹೋದಾಗ ಅಳು ಬರುತ್ತದೆ, ಮುಚ್ಚಿಡುವುದೇಕೆ. ಆದರೂ ಆ ದಿನ ನೆನೆದರೆ ನಗುವೂ ಬರುತ್ತದೆ. ಒದ್ದೆ ಸೀರೆಯಲ್ಲೇ ಮೆಟ್ಟಿಲ ಮೇಲೆ ಕುಳಿತು ಆಯಿ ಹೊತ್ತು ಇಳಿಯುವವರೆಗೂ ನನ್ನಿಂದ ಸುತ್ತು ಹಾಕಿಸಿದಳು. ಒಮ್ಮೆ ನನ್ನ ಹೆಸರು ಹಿಡಿದು ಕರೆಯುವಳು, ಒಮ್ಮೆ ನೀಲವ್ವಾ ಎನ್ನುವಳು. ಎರಡಕ್ಕೂ ನಾನೇ ಓ ಎಂದೆ.