ತಂಗಿಯ ಗಂಡನ ಗಾಡಿಯಲ್ಲಿದ್ದ ಓರಿಕ್ಸ್

ಮರುಭೂಮಿಯ ನಮ್ಮ ಹರಾಸಿಸ್ ಬುಡಕಟ್ಟಿನಲ್ಲಿ ಬಖೀತನಷ್ಟು ಪುಕ್ಕಲ ಇನ್ನೊಬ್ಬನಿರಲಿಲ್ಲ. ಹಾವಿಗೂ ಹೆದರುತ್ತಿದ್ದ, ಹೆಂಡತಿಗೂ ಹೆದರುತ್ತಿದ್ದ. ಆದರೂ ಓರಿಕ್ಸ್ ಎಂಬ ನೀಳ ಕೊಂಬಿನ ಜಿಂಕೆಗಳನ್ನು ಕಾಯುವ ಕೆಲಸಕ್ಕೆ ಸೇರಿದ. ನಮ್ಮ ಬಯಲಿನ ಕೊನೆಯ ಬಿಳಿ ಓರಿಕ್ಸ್‌ಗಳನ್ನು ಬೇಟೆಗಾರರು ಕೊಂದಾಗ ಅವನಿಗಿನ್ನೂ ಮೀಸೆ ಬಂದಿರಲಿಲ್ಲ. ವರ್ಷಗಳ ಮೇಲೆ, ದೂರದೇಶದ ಮೃಗಾಲಯಗಳಲ್ಲಿ ಹುಟ್ಟಿದವನ್ನು ವಿಮಾನದಲ್ಲಿ ತಂದು ಇಲ್ಲಿ ಬಿಟ್ಟರು. ಒಂದೊಂದರ ಹೆಜ್ಜೆಯೂ ಬಖೀತನಿಗೆ ಗೊತ್ತಿತ್ತು.

ಆಮೇಲೆ ಕಳ್ಳರು ಶುರುವಾದರು. ಅವರಿಗೆ ಮಾಂಸ ಬೇಡ. ಶ್ರೀಮಂತರ ತೋಟಗಳಿಗೆ ಜೀವಂತ ಹೆಣ್ಣು ಓರಿಕ್ಸ್‌ಗಳು ಬೇಕಿದ್ದವು.

ಅಂದು ಬೆಳಿಗ್ಗೆ ಕಡಲ ಕಡೆಯಿಂದ ಮಂಜು ಬಂದು ಕವಿದು ಹತ್ತು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಗಬ್ಬದ ಹೆಣ್ಣೊಂದರ ಜಾಡು ಹಿಡಿದು ಬಖೀತ್ ಒಬ್ಬನೇ ಹೊರಟಿದ್ದ. ಒಂದು ಕಡೆ ಆ ಹೆಜ್ಜೆಗಳು ಓಟಕ್ಕೆ ತಿರುಗಿದ್ದವು. ಪಕ್ಕದಲ್ಲೇ ಚಕ್ರದ ಗುರುತು. ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತ. ವೈರ್‌ಲೆಸ್‌ನಲ್ಲಿ ಪಿಸುಗುಟ್ಟಿದ. ಕಾವಲು ಠಾಣೆಯವರು ಬರಲು ಎರಡು ಗಂಟೆ ಬೇಕಿತ್ತು.

ಅಷ್ಟರಲ್ಲಿ ಎದುರಿಗೇ ಯಾರೋ ಕೆಮ್ಮಿದರು. ಎಷ್ಟೋ ಸಲ ಜೊತೆಗೆ ಕೂತು ಕಾಫಿ ಕುಡಿದವನ ಕೆಮ್ಮು ಅದು: ತಂಗಿಯ ಗಂಡ ಲುಹೈಬ್. ಅವನ ಪಿಕಪ್‌ನಲ್ಲಿ ಕಾಲು ಕಟ್ಟಿದ ಓರಿಕ್ಸ್ ಏದುಸಿರು ಬಿಡುತ್ತಿತ್ತು.

"ಮನೆಗೆ ಹೋಗು ಭಾವ. ನೀನೇನೂ ನೋಡಿಲ್ಲ," ಎಂದ ಲುಹೈಬ್.

"ಅದು ಗಬ್ಬ ಕಣೋ. ಹಿಂಗೆ ಕಟ್ಟಿದ್ರೆ ಸತ್ತೋಗುತ್ತೆ."

"ಆಹಾ, ಸೂಲಗಿತ್ತಿ ಬಂದ್ಲು ನೋಡು!" ಲುಹೈಬ್ ಬಂದೂಕು ಎತ್ತಿದ. "ಹತ್ರ ಬರ್ಬೇಡ. ನನ್ನ ಕೈ ನಡುಗ್ತಿದೆ."

"ನಂಗೆ ಮೈಯೆಲ್ಲಾ ನಡುಗ್ತಿದೆ," ಎಂದ ಬಖೀತ್. ಆದರೂ ಗಾಡಿ ಹತ್ತಿ ಹಗ್ಗ ಕೊಯ್ದ.

ಪ್ರಾಣಿ ಕೆಳಗೆ ಹಾರಿ, ಮುಗ್ಗರಿಸಿ, ಎದ್ದು ಮಂಜಿನಲ್ಲಿ ಕರಗಿತು. ಗುಂಡು ಸಿಡಿಯಿತು. ತಾನು ಸತ್ತೆನೆಂದೇ ತಿಳಿದು ಬಖೀತ್ ನೆಲಕ್ಕುರುಳಿ ಮುಖ ಮುಚ್ಚಿಕೊಂಡ. ಕಣ್ಣು ಬಿಟ್ಟಾಗ ಮೈಮೇಲೆ ಗಾಯವೂ ಇರಲಿಲ್ಲ, ಗಾಡಿಯೂ ಇರಲಿಲ್ಲ.

"ಯಾರು ಅಂತ ಗೊತ್ತಾಯ್ತಾ?" ಠಾಣೆಯವರು ಕೇಳಿದರು. ಬಖೀತ್ ತಂಗಿಯ ಗಂಡನ ಹೆಸರು ಹೇಳಿದ.

ಮೂರನೆಯ ದಿನ ಆ ಹೆಣ್ಣು ಜಾಲಿಮರದ ಕೆಳಗೆ ಸತ್ತು ಬಿದ್ದಿತ್ತು, ಹೊಟ್ಟೆಯಲ್ಲಿ ಮರಿಯ ಸಮೇತ. ಉಳಿದ ಓರಿಕ್ಸ್‌ಗಳು ಕಳ್ಳರಿಗೆ ಸಿಗದಂತೆ ಠಾಣೆಯವರು ಹಿಡಿದು ಬೇಲಿಯೊಳಗೆ ಹಾಕಿದರು. ಬಖೀತ್ ಅಲ್ಲೇ ಕಾವಲಿಗೆ ನಿಂತ.

ಲುಹೈಬ್ ಜೈಲಿಗೆ ಹೋದ ಮೇಲೆ ತಂಗಿ ಒಂದೇ ಒಂದು ಸಲ ಬೇಲಿಯ ಬಳಿ ಬಂದಳು. ಒಳಗೆ ಕಾಲಿಡಲಿಲ್ಲ.

"ಮುಂದಿನ ಚಳಿಗಾಲಕ್ಕೆ ಅವರನ್ನ ಬಿಡ್ತಾರಂತೆ. ಅಷ್ಟರೊಳಗೆ ಎಲ್ಲಾದ್ರೂ ಹೋಗ್ಬಿಡು ಅಣ್ಣ."

"ಇವನ್ನ ಯಾರು ನೋಡ್ಕೊಳ್ತಾರೆ?"

ಅವಳು ಮುಸುಕು ಎಳೆದುಕೊಂಡು ಹೊರಟಳು. ಚಳಿಗಾಲ ಬಂತು. ಬಖೀತ್ ಎಲ್ಲಿಗೂ ಹೋಗಲಿಲ್ಲ. ಬೇಲಿಗೆ ಬೆನ್ನು ಕೊಟ್ಟು, ದಾರಿಯ ಕಡೆ ಮುಖ ಮಾಡಿ ಕೂರುವುದನ್ನು ಕಲಿತ.