ನಮ್ಮ ಲೆಫ್ಟ್ ಬ್ಯಾಕ್ ಕೇಳಿದ್ದು ಒಂದೇ ಒಂದು ಲೆಟರ್

"ಗದ್ದಾರ್!"

ಶನಿವಾರ ಸಂಜೆ ಮುಂಬೈ ಪಕ್ಕದ ಥಾಣೆಯಲ್ಲಿ ಆಫೀಸ್ ಮುಗಿಸಿ, ಡೊಂಬಿವಲಿಗೆ ಹೋಗುವ ಲೋಕಲ್ ಟ್ರೈನ್‌ನಲ್ಲಿ ಒಂಟಿ ಕಾಲಲ್ಲಿ ನಿಂತಿದ್ದಾಗ ನಮ್ಮ ಫುಟ್‌ಬಾಲ್ ಕ್ಲಬ್ಬಿನ ವಾಟ್ಸಾಪ್ ಗ್ರೂಪಿನಲ್ಲಿ ಬಂದ ಮೊದಲ ಮೆಸೇಜ್ ಇದು, ದ್ರೋಹಿ ಎಂದು. ಮುಂಬ್ರಾ ಸ್ಟೇಷನ್ ದಾಟುವಷ್ಟರಲ್ಲಿ ಅರವತ್ತು ಮೆಸೇಜ್ ಆಗಿತ್ತು.

ವಿಷಯ ಇಷ್ಟೇ. ನಮ್ಮ ಲೆಫ್ಟ್ ಬ್ಯಾಕ್, ಗೋಲಿನ ಎಡಬದಿ ಕಾಯುವ ಶಿವಪ್ಪ, ಕ್ಲಬ್ ಬಿಡುತ್ತಿದ್ದಾನೆ. ನವಿ ಮುಂಬೈಯ ಒಂದು ಕಂಪನಿ ಟೀಮ್ ಅವನನ್ನು ಕರೆದಿದೆ, ಜೊತೆಗೆ ಪರ್ಮನೆಂಟ್ ಕೆಲಸ. ಆದರೆ ಇಷ್ಟು ದಿನ ಆಡಿದ ಕ್ಲಬ್ಬಿನಿಂದ ಸೋಮವಾರದೊಳಗೆ ರಿಲೀಸ್ ಲೆಟರ್ ತರಬೇಕು.

ಶಿವಪ್ಪನ ಮನೆಯವರು ವಿಜಯಪುರದ ಕಡೆಯವರು. ಕಲ್ಯಾಣ್ ಪಕ್ಕದ ಶಹಾಡ್‌ನ ಒಂದು ಗೋಡೌನಿನಲ್ಲಿ ಅಪ್ಪ, ಮಗ ಇಬ್ಬರೂ ಲೋಡಿಂಗ್ ಮಾಡುತ್ತಾರೆ. ಆರು ವರ್ಷದಿಂದ ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಎಲ್ಲರಿಗಿಂತ ಮೊದಲು ಬರುವವನು ಅವನೇ.

ನಾನು ಆ ಕ್ಲಬ್ಬಿನ ಕಾರ್ಯದರ್ಶಿ. ಲೆಟರ್ ಬರೆಯಬೇಕಾದವನು ನಾನೇ.

ಗ್ರೂಪಿನಲ್ಲಿ ಒಬ್ಬನಿಗಿಂತ ಒಬ್ಬ ಜೋರು. "ಬಿಕ್ ಗಯಾ", ದುಡ್ಡಿಗೆ ಮಾರಿಕೊಂಡ ಎಂದು ಒಬ್ಬ. ಈಗಿನ ಆಟಗಾರರಿಗೆ ಕಮಿಟ್‌ಮೆಂಟೇ ಇಲ್ಲ ಎಂದು ಇನ್ನೊಬ್ಬನ ಉದ್ದನೆಯ ಭಾಷಣ. ಈ ಮಹಾಶಯ ಮೂರು ವರ್ಷದಲ್ಲಿ ನಾಲ್ಕು ಕಂಪನಿ ಬದಲಿಸಿದವನು. ಟಿವಿಯಲ್ಲಿ ಯಾವ ವಿದೇಶಿ ಕ್ಲಬ್ ಕಪ್ ಗೆಲ್ಲುತ್ತದೋ ಆ ವರ್ಷ ಅದರ ಜರ್ಸಿ ಹಾಕಿಕೊಂಡು ತಿರುಗುತ್ತಾನೆ!

ಸುಳ್ಳು ಯಾಕೆ ಹೇಳಲಿ... ಆಗ ನನಗೂ ಶಿವಪ್ಪನ ಮೇಲೆ ಸಿಟ್ಟಿತ್ತು. ಎರಡು ವಾರದಲ್ಲಿ ಸೆಮಿಫೈನಲ್. ಈಗಲೇ ಹೋಗಬೇಕಾ ಇವನು?

ಅಷ್ಟರಲ್ಲಿ ಅಧ್ಯಕ್ಷರಾದ ಸುಧಾಕರಣ್ಣನ ಫೋನ್. ಉಡುಪಿಯವರು, ಸ್ಟೇಷನ್ ಹತ್ತಿರ ಹೋಟೆಲ್ ನಡೆಸುತ್ತಾರೆ.

"ಲೆಟರ್ ಗಿಟರ್ ಎಂತದೂ ಬೇಡ ಮಾರಾಯ. ಅವನ ರಿಜಿಸ್ಟ್ರೇಶನ್ ನಂಬರ್ ಹಾಕಿ ಫುಟ್‌ಬಾಲ್ ಅಸೋಸಿಯೇಶನ್‌ಗೆ ಒಂದು ಅಬ್ಜೆಕ್ಷನ್ ಬರಿ. ಸೀಸನ್ ಮುಗಿಯುವವರೆಗೆ ಅವನಿಗೆ ಎಲ್ಲಿಗೂ ಹೋಗ್ಲಿಕ್ಕೆ ಆಗುದಿಲ್ಲ."

"ಆಯ್ತಣ್ಣ" ಎಂದೆ. ಹೌದು, ನಾನೇ ಅಂದದ್ದು.

ಮನೆಗೆ ಬಂದವನು ಶೂ ಕೂಡ ಬಿಚ್ಚದೆ ಕಪಾಟಿನ ಮೇಲಿಂದ ಕ್ಲಬ್ಬಿನ ಫೈಲ್ ಇಳಿಸಿದೆ. ರಿಜಿಸ್ಟರ್ ಆದ ಆಟಗಾರರ ಪಟ್ಟಿ ತೆಗೆದೆ. ಇಪ್ಪತ್ತೆರಡು ಹೆಸರು. ಎರಡು ಸಲ ಓದಿದೆ. ಮೂರನೇ ಸಲ ಬೆರಳಿಟ್ಟು ಓದಿದೆ.

ಶಿವಪ್ಪನ ಹೆಸರು ಇಲ್ಲ.

ಹಿಂದಿನ ವರ್ಷದ ಪಟ್ಟಿಯಲ್ಲೂ ಇಲ್ಲ, ಅದರ ಹಿಂದಿನದರಲ್ಲೂ ಇಲ್ಲ. ನಾವು ಆಡುವ ಭಾನುವಾರದ ಟೂರ್ನಮೆಂಟ್‌ಗಳಲ್ಲಿ ಬೆಳಿಗ್ಗೆ ಒಂದು ಚೀಟಿಯಲ್ಲಿ ಹೆಸರು ಬರೆದುಕೊಟ್ಟರೆ ಸಾಕು. ಹಾಗಾಗಿ ಯಾರಿಗೂ ಗೊತ್ತೇ ಆಗಿರಲಿಲ್ಲ.

ಫೈಲಿನ ಕೊನೆಯ ಪ್ಲಾಸ್ಟಿಕ್ ಕವರಿನಲ್ಲಿ ಅವನ ಫಾರ್ಮ್ ಸಿಕ್ಕಿತು. ಹದಿನೇಳು ವರ್ಷದ ಶಿವಪ್ಪನ ಫೋಟೋ, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ಅವನ ಸಹಿ ಇದೆ, ಅಪ್ಪನ ಹೆಬ್ಬೆಟ್ಟು ಇದೆ. ಕಾರ್ಯದರ್ಶಿ ಸಹಿ ಹಾಕಬೇಕಾದ ಜಾಗ ಮಾತ್ರ ಖಾಲಿ.

ಆಗ ಅವನ ಹತ್ತಿರ ಅಡ್ರೆಸ್ ಪ್ರೂಫ್ ಇರಲಿಲ್ಲ. ಚಾಳಿನ ಬಾಡಿಗೆ ರೂಮಿಗೆ ಅಗ್ರಿಮೆಂಟ್ ಎಲ್ಲಿಂದ ತರುತ್ತಾನೆ? "ಆಮೇಲೆ ನೋಡುವಾ" ಎಂದು ಫಾರ್ಮ್ ಒಳಗಿಟ್ಟಿದ್ದೆ. ಆ ಆಮೇಲೆ ಆರು ವರ್ಷವಾದರೂ ಬರಲಿಲ್ಲ.

ಹೋದ ವರ್ಷ ಮ್ಯಾಚಿನಲ್ಲಿ ಮೊಣಕಾಲು ತಿರುಚಿಕೊಂಡಾಗ ಅವನ ಇನ್ಶೂರೆನ್ಸ್ ಪಾಸ್ ಆಗಲಿಲ್ಲ. ಯಾಕೆ ಎಂದು ನಾನು ವಿಚಾರಿಸಲೂ ಇಲ್ಲ. ಆ ಇನ್ಶೂರೆನ್ಸ್ ರಿಜಿಸ್ಟರ್ ಆದ ಆಟಗಾರರಿಗೆ ಮಾತ್ರ ಎಂದು ಈಗ ಹೊಳೆಯಿತು. ಮೂರು ತಿಂಗಳು ಲೋಡಿಂಗ್‌ಗೆ ಹೋಗಲಾಗದೆ ಮನೆಯಲ್ಲಿ ಕೂತ. ಗುಣವಾದ ಮೇಲೆ ಸೀದಾ ನಮ್ಮ ಮೈದಾನಕ್ಕೇ ಬಂದ.

ಸಿಟ್ಟು ಬಂತು. ಮೊದಲು ನನ್ನ ಮೇಲೆ, ಆಮೇಲೆ ಆ ಅರವತ್ತು ಮೆಸೇಜಿನ ಮೇಲೆ...

ಸುಧಾಕರಣ್ಣನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರಿಗೂ ನಾಚಿಕೆಯಾಗಬಹುದು ಅಂದುಕೊಂಡೆ. ಎಲ್ಲಿಯ ನಾಚಿಕೆ!

"ಫಾರ್ಮ್ ಉಂಟಲ್ಲ? ಹಳೇ ಡೇಟ್ ಹಾಕಿ ಈಗ ಸೈನ್ ಮಾಡು. ಉಳಿದದ್ದು ನಾನು ನೋಡಿಕೊಳ್ತೇನೆ. ಆಮೇಲೆ ಅವ ಹೇಗೆ ಹೋಗ್ತಾನೆ ನೋಡುವಾ."

ಕೇಳಿದಿರಾ? ಅವನಿಗೆ ಬೇಕಾಗಿದ್ದಾಗ ಆರು ವರ್ಷ ಆಗದ ಸಹಿ, ಅವನನ್ನು ಕಟ್ಟಿಹಾಕುವುದಕ್ಕೆ ಈಗಿಂದೀಗಲೇ ಆಗಬೇಕಂತೆ!

"ಅಣ್ಣ, ಇಂಥ ಹಲ್ಕಟ್ ಕೆಲಸ ನನ್ನಿಂದ ಆಗುದಿಲ್ಲ" ಎಂದುಬಿಟ್ಟೆ. ಅವರ ಹತ್ತಿರ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಫೋನ್ ಕಟ್ ಮಾಡಿದರು.

ಆ ಖಾಲಿ ಜಾಗದ ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ಶಿವಪ್ಪನನ್ನು ನಾವು ಕ್ಲಬ್ಬಿಗೆ ಸೇರಿಸಿಕೊಂಡೇ ಇಲ್ಲ, ತಪ್ಪು ನನ್ನದು, ಈಗ ಯಾರಿಗೆ ಕಮಿಟ್‌ಮೆಂಟ್ ಬಗ್ಗೆ ಮಾತಾಡಬೇಕೋ ಮಾತಾಡಿ ಎಂದು ಬರೆದೆ.

ಉತ್ತರವಾಗಿ ಬಂದದ್ದು ಭಾಷಣ ಹಾಕಿದವನ ಒಂದು ಥಂಬ್ಸ್ ಅಪ್ ಮಾತ್ರ. ಯಾವುದಕ್ಕೆ ಎಂದು ದೇವರಿಗೇ ಗೊತ್ತು.

ಸೋಮವಾರ ಬೆಳಿಗ್ಗೆ ಕಲ್ಯಾಣ್ ಸ್ಟೇಷನ್ನಿನಲ್ಲಿ ಶಿವಪ್ಪನ ಕೈಗೆ ಲೆಟರ್ ಕೊಟ್ಟೆ. ಆರು ವರ್ಷ ನಮ್ಮ ಪರ ಆಡಿದ್ದಾನೆ, ರಿಜಿಸ್ಟರ್ ಮಾಡಿಸದೇ ಇದ್ದದ್ದು ನಮ್ಮ ತಪ್ಪು, ಅವನನ್ನು ತಡೆಯುವ ಹಕ್ಕು ನಮಗಿಲ್ಲ ಎಂದು ಬರೆದಿದ್ದೆ. ಅವನು ನಿಂತಲ್ಲೇ ಓದಿದ.

"ನನಗ ಗೊತ್ತಿತ್ರಿ ಅಣ್ಣಾರ. ಹ್ವಾದ ವರ್ಷನ ಇನ್ಶೂರೆನ್ಸ್‌ನವರು ಹೇಳಿದ್ರು."

ಗೊತ್ತಿದ್ದೂ ಒಂದು ವರ್ಷ ಆಡಿದ್ದಾನೆ! ಮತ್ತೆ ನನ್ನನ್ನು ಯಾಕೆ ಕೇಳಲಿಲ್ಲ ಎಂದರೆ, "ಆಮ್ಯಾಲೆ ನೋಡೂಣು ಅಂದಿದ್ರಲ್ರಿ" ಎಂದ.

ಮಧ್ಯಾಹ್ನ ಅವನದೇ ಫೋನ್ ಬಂತು. ಕಂಪನಿಯವರು ಲೆಟರ್ ಒಪ್ಪಿಕೊಂಡಿದ್ದರು.

"ಜಾಯಿನ್ ಆಗೂದು ಮುಂದಿನ ತಿಂಗಳರೀ. ಸೆಮಿಫೈನಲ್ ಆಡೇ ಬರ್ತೀನಿ ಅಂತ ಅವರಿಗೆ ಮದಲ ಹೇಳೀನ್ರಿ. ಚೀಟ್ಯಾಗ ನನ್ನ ಹೆಸರು ಬರೀತೀರಲ್ಲರೀ?"

ಈಗಲೂ ನನ್ನ ಸಿಟ್ಟು ಇಳಿದಿಲ್ಲ... ಯಾವಾಗ ಹೋಗುತ್ತೀಯಪ್ಪಾ ಎಂದು ಆ ಅರವತ್ತು ಮೆಸೇಜ್ ಹಾಕಿದವರಲ್ಲಿ, ನಾನೂ ಸೇರಿ, ಒಬ್ಬನಾದರೂ ಅವನನ್ನು ಕೇಳಿದ್ದನಾ?